ಗಿಟಾರ್ ಕೊಂಡಾಯಿತು, ಪುಸ್ತಕ ಯಾವುದು?

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವ ಹೊತ್ತಿಗೆ ಬಳ್ಳಾರಿಯ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಬಂದಿರುತ್ತದೆ. ಅದೇ ಹೊತ್ತಿಗೆ ಕೆಲವು ಮನೆಗಳಲ್ಲಿ ಇನ್ನೊಂದು ಬಿಸಿಯೂ ಶುರುವಾಗಿರುತ್ತದೆ. "ಪರೀಕ್ಷೆ ಮುಗೀಲಿ, ಗಿಟಾರ್ ಕೊಡಿಸ್ತೀನಿ ಅಂದಿದ್ರಲ್ಲಪ್ಪಾ?" ಎಂದು ಮಗನೋ ಮಗಳೋ ಕೇಳಿದಾಗ, ಮಾತು ಕೊಟ್ಟ ತಂದೆಗೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ಸು ಹತ್ತಿ ಬಳ್ಳಾರಿಗೆ ಬರುತ್ತಾರೆ. ಅಂಗಡಿಯಲ್ಲಿ ಒಂದು ಗಂಟೆ ಚೌಕಾಸಿ ನಡೆಯುತ್ತದೆ. ಬಣ್ಣ, ಚೀಲ, ಹೆಗಲಪಟ್ಟಿ ಎಲ್ಲವೂ ಆರಿಸಿಯಾಗುತ್ತದೆ. ಹೊರಡುವಾಗ ಕೊನೆಯ ಪ್ರಶ್ನೆ: "ಕಲಿಯೋ ಬುಕ್ ಏನಾರ ಐತೇನ್ರಿ?" ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕಿ ಕೊಡುತ್ತಾರೆ.

ಆ ವರ್ಷದ ದಸರಾ ಹೊತ್ತಿಗೆ ಗಿಟಾರ್ ಅಟ್ಟ ಸೇರಿದರೆ ಮನೆಯಲ್ಲಿ ಕೇಳಿಬರುವುದು ಒಂದೇ ತೀರ್ಪು: "ಇವನಿಗೆ ಸಂಗೀತ ತಲೆಗೆ ಹತ್ತಲ್ಲ." ಹದಿನೈದು ವರ್ಷದ ಹುಡುಗ ಇದನ್ನು ನಂಬಿಬಿಡುತ್ತಾನೆ, ಬಹಳ ಕಾಲ ನಂಬಿಯೇ ಇರುತ್ತಾನೆ. ಗಿಟಾರಿಗೆ ಹಾಕಿದ ದುಡ್ಡಿಗಿಂತ ಇದು ದೊಡ್ಡ ನಷ್ಟ. ಕೊಟ್ಟ ಪುಸ್ತಕ ಆ ಗಿಟಾರಿಗೆ, ಆ ಹುಡುಗನಿಗೆ ಹೊಂದುವಂಥದ್ದೇ ಆಗಿತ್ತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಊರಲ್ಲಿ ಮೇಷ್ಟರಿದ್ದರೆ ಪುಸ್ತಕ ಹೇಗಿದ್ದರೂ ನಡೆಯುತ್ತದೆ. ಬಳ್ಳಾರಿ ನಗರದಲ್ಲಿ ಹುಡುಕಿದರೆ ಹೇಳಿಕೊಡುವವರು ಸಿಗಬಹುದು. ಐವತ್ತು ಕಿಲೋಮೀಟರಿಗೂ ದೂರದ ಸಿರುಗುಪ್ಪದ ಹುಡುಗಿ ವಾರಕ್ಕೆರಡು ಸಲ ಬಂದುಹೋಗುವುದು ಕಷ್ಟ. ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕುರುಗೋಡಿನವರಿಗೂ ಟ್ಯೂಷನ್, ಕಾಲೇಜು ಎಂದಾಗ ಅದು ಸುಲಭವಲ್ಲ. ಅಂಥ ಮನೆಗಳಲ್ಲಿ ಪುಸ್ತಕವೇ ಮೇಷ್ಟರು. ಮೇಷ್ಟರನ್ನು ಗೊತ್ತುಮಾಡುವಷ್ಟೇ ಎಚ್ಚರ ಪುಸ್ತಕಕ್ಕೂ ಬೇಕು.

ಮೊದಲು ನೋಡಬೇಕಾದದ್ದು, ಪುಸ್ತಕ ಯಾವ ಗಿಟಾರಿನದು ಎಂಬುದನ್ನು. ಭಾರತದಲ್ಲಿ ಗಿಟಾರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವಿದ್ಯೆಗಳಿವೆ. ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವುದು ಹವಾಯಿಯನ್ ಗಿಟಾರ್. ಹವಾಯಿ ದ್ವೀಪದ ಟೌ ಮೋ ಎಂಬ ಕಲಾವಿದ 1940ರ ದಶಕದಲ್ಲಿ ಕಲ್ಕತ್ತಾದಲ್ಲಿ ನೆಲೆಸಿ ನುಡಿಸುತ್ತಿದ್ದರು. ಬಂಗಾಳದಲ್ಲಿ ಅದು ಮನೆಮನೆಯ ವಾದ್ಯವಾಯಿತು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ಸಂಗೀತಕ್ಕೆ ತಂದರು. ಅದನ್ನೇ ಮಾರ್ಪಡಿಸಿ ಮೋಹನವೀಣೆ ಮಾಡಿಕೊಂಡ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಹೀಗಾಗಿ 'ಗಿಟಾರ್ ಕಲಿಯಿರಿ' ಎಂಬಂಥ ಹೆಸರಿನ ಅಗ್ಗದ ಪುಸ್ತಕದ ಒಳಗೆ ಹವಾಯಿಯನ್ ಗಿಟಾರಿನ ಪಾಠಗಳೇ ಇರಬಹುದು. ಹುಡುಗರು ಸಿನಿಮಾದಲ್ಲಿ, ಆರ್ಕೆಸ್ಟ್ರಾದಲ್ಲಿ ನೋಡಿ ಆಸೆಪಡುವುದು ಎದೆಗಾನಿಸಿ ಹಿಡಿಯುವ ಸ್ಪ್ಯಾನಿಷ್ ಗಿಟಾರಿಗೆ. ಒಳಗಿನ ಚಿತ್ರ ನೋಡಿದರೆ ಸಾಕು, ವಾದ್ಯ ಮಲಗಿದೆಯೋ ನಿಂತಿದೆಯೋ ತಿಳಿಯುತ್ತದೆ.

ಸ್ಪ್ಯಾನಿಷ್ ಗಿಟಾರಿನಲ್ಲೂ ಮತ್ತೆರಡು ಬಗೆ. ನೈಲಾನ್ ತಂತಿಯದು ಒಂದು, ಅದನ್ನು ಬೆರಳುಗಳಿಂದ ಮೀಟುತ್ತಾರೆ. ಉಕ್ಕಿನ ತಂತಿಯದು ಇನ್ನೊಂದು, ಅದಕ್ಕೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಪಿಕ್ ಹಿಡಿಯುತ್ತಾರೆ. ಮೊದಲನೆಯದರ ಪುಸ್ತಕಕ್ಕೆ ಕ್ಲಾಸಿಕಲ್ ಗಿಟಾರ್ ಮೆಥಡ್ ಎಂದು ಹೆಸರಿರುತ್ತದೆ. ಮನೆಯಲ್ಲಿರುವ ಗಿಟಾರನ್ನು ನೋಡಿಕೊಂಡೇ ಪುಸ್ತಕ ಆರಿಸಬೇಕು. ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು: ಪುಸ್ತಕಕ್ಕೆ ಹೊಂದಲಿ ಎಂದು ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಬಾರದು. ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋಗ್ರಾಂ ತೂಕದಷ್ಟಿದ್ದರೆ, ಉಕ್ಕಿನ ತಂತಿಗಳದು 70ರ ಆಸುಪಾಸು ಇರಬಹುದು. ಅಂಟಿಸಿದ ಸೇತುವೆ ಕಿತ್ತುಬರುತ್ತದೆ.

ಇನ್ನು ಪುಸ್ತಕದ ಒಳಗಿನ ಬರಹ. ಸಂಗೀತವನ್ನು ಕಾಗದದ ಮೇಲೆ ಬರೆಯುವ ಲಿಪಿಗಳಲ್ಲಿ ಗಿಟಾರ್ ಪುಸ್ತಕಗಳಲ್ಲಿ ಸಿಗುವವು ನಾಲ್ಕು. ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಆರು ಗೆರೆಗಳ ಟ್ಯಾಬ್, ಬೆರಳಿನ ಜಾಗ ತೋರಿಸುವ ಕಾರ್ಡ್ ಚಿತ್ರ, ಮತ್ತು ಭಾರತೀಯ ಪುಸ್ತಕಗಳಲ್ಲಿ ಸರಿಗಮ. ಮಕ್ಕಳು ಟ್ಯಾಬ್ ಇಷ್ಟಪಡುತ್ತಾರೆ. ಆರು ಗೆರೆ ಎಂದರೆ ಆರು ತಂತಿ, ಗೆರೆಯ ಮೇಲಿನ ಅಂಕಿ ಎಂದರೆ ಎಷ್ಟನೇ ಮೆಟ್ಟಿಲು, ಸೊನ್ನೆ ಎಂದರೆ ಬರಿದಾದ ತಂತಿ. ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಎಡವುವುದು ಒಂದೇ ಕಡೆ: ಕಾಗದದಲ್ಲಿ ಎಲ್ಲಕ್ಕಿಂತ ಮೇಲಿನ ಗೆರೆ ಗಿಟಾರಿನ ಎಲ್ಲಕ್ಕಿಂತ ಕೆಳಗಿನ ತೆಳು ತಂತಿ. ಅದನ್ನು ಮೊದಲ ಪುಟದಲ್ಲೇ ಚಿತ್ರ ಸಹಿತ ಹೇಳದ ಪುಸ್ತಕ ಮಕ್ಕಳನ್ನು ಒಂದು ವಾರ ಗೋಳುಹೊಯ್ದುಕೊಳ್ಳುತ್ತದೆ.

ಟ್ಯಾಬ್ ಎಂದರೆ ಇತ್ತೀಚಿನ ಅಡ್ಡದಾರಿ, ಓದಲು ಬಾರದವರಿಗಾಗಿ ಮಾಡಿದ್ದು ಎಂದು ತಾತ್ಸಾರ ಮಾಡುವವರಿದ್ದಾರೆ. ಸ್ಪೇನಿನ ಲೂಯಿಸ್ ಮಿಲಾನ್ ಎಂಬಾತ 1536ರಲ್ಲಿ ವಾಲೆನ್ಸಿಯಾದಲ್ಲಿ ಅಚ್ಚು ಹಾಕಿಸಿದ ಪುಸ್ತಕವೂ ಟ್ಯಾಬ್ ಲಿಪಿಯದೇ. ಗಿಟಾರಿನ ಅಣ್ಣನಂತಿದ್ದ ವಿಹುವೇಲಾ ಎಂಬ ವಾದ್ಯಕ್ಕಾಗಿ ಬರೆದದ್ದು, ಸುಲಭದ ತುಣುಕಿನಿಂದ ಕಠಿಣದ ಕಡೆಗೆ ಜೋಡಿಸಿದ್ದು. ಅದರ ಹೆಸರು 'ಎಲ್ ಮಾಯೆಸ್ತ್ರೋ', ಅಂದರೆ 'ಮೇಷ್ಟರು'! ವಿಜಯನಗರದಲ್ಲಿ ಅಚ್ಯುತರಾಯ ಆಳುತ್ತಿದ್ದ ಕಾಲದಲ್ಲಿ ಸ್ಪೇನಿನಲ್ಲಿ ಪುಸ್ತಕವೊಂದು ತಾನೇ ಮೇಷ್ಟರು ಎಂದು ಹೇಳಿಕೊಂಡಿತ್ತು.

ಆದರೆ ಈಗ ಅಂಗಡಿಯಲ್ಲಿ ಸಿಗುವ ಬರಿಯ ಟ್ಯಾಬ್ ಪುಸ್ತಕಗಳಲ್ಲಿ ಒಂದು ಕೊರತೆ ಸಾಮಾನ್ಯ. ಬೆರಳು ಎಲ್ಲಿಡಬೇಕೆಂದು ಅವು ಹೇಳುತ್ತವೆ, ಎಷ್ಟು ಹೊತ್ತು ಎಂಬುದನ್ನು ಹೇಳುವುದಿಲ್ಲ. ತಾಳ ಕೈಬಿಟ್ಟುಹೋಗುತ್ತದೆ. ಮೇಲೆ ಐದು ಗೆರೆಯ ಸ್ವರಲಿಪಿ, ಅದರ ಕೆಳಗೇ ಟ್ಯಾಬ್, ಹೀಗೆ ಎರಡನ್ನೂ ಒಟ್ಟಿಗೆ ಮುದ್ರಿಸಿರುವ ಪುಸ್ತಕ ಒಂಟಿಯಾಗಿ ಕಲಿಯುವವರಿಗೆ ಉತ್ತಮ. ಮೊದಲು ಕೆಳಗಿನದನ್ನು ನೋಡಿ ನುಡಿಸುತ್ತಾರೆ. ಆರು ತಿಂಗಳಲ್ಲಿ ಕಣ್ಣು ತಾನಾಗಿ ಮೇಲಿನದಕ್ಕೂ ಹೋಗುತ್ತದೆ.

ಪಾಶ್ಚಾತ್ಯ ಸ್ವರಲಿಪಿ ನಮಗೇಕೆ ಎನ್ನುವ ಪಾಲಕರಿಗೆ ಒಂದು ಸಂಗತಿ. 1919ರಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲೆಯ ಥಿಯಾಸಾಫಿಕಲ್ ಕಾಲೇಜಿಗೆ ಬಂದಿದ್ದಾಗ 'ಜನ ಗಣ ಮನ'ವನ್ನು ಹಾಡಿದರು. ಅದರ ಸ್ವರಗಳನ್ನು ಪಾಶ್ಚಾತ್ಯ ಲಿಪಿಯಲ್ಲಿ ಬರೆದಿಟ್ಟವರು ಅಲ್ಲಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್. ಆಗ ಬಳ್ಳಾರಿಯೂ ಮದನಪಲ್ಲೆಯೂ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. ಆ ಲಿಪಿ ಬಲ್ಲ ಯಾವ ದೇಶದವರಾದರೂ ಅದನ್ನು ನೋಡಿ ರಾಷ್ಟ್ರಗೀತೆ ನುಡಿಸಬಲ್ಲರು.

ಸರಿಗಮ ಲಿಪಿಯ ಪುಸ್ತಕ ಕೊಳ್ಳುವವರು ಒಂದು ಪ್ರಶ್ನೆ ಕೇಳಬೇಕು: ಇದರಲ್ಲಿ ಷಡ್ಜ ಯಾವ ತಂತಿಯ ಯಾವ ಮೆಟ್ಟಿಲಿನಲ್ಲಿದೆ? ಅದನ್ನು ಹೇಳದಿದ್ದರೆ ಪುಸ್ತಕ ಕೆಳಗಿಡಬಹುದು. ರಂಗಭೂಮಿಯ ಸೀಮೆಯಾದ ಬಳ್ಳಾರಿಯಲ್ಲಿ ಹಾರ್ಮೋನಿಯಂ ಕಂಡ ಮನೆಗಳು ಬಹಳ. ಅಂಥ ಮನೆಯ ಮಕ್ಕಳಿಗೆ ಗಿಟಾರಿನ ಲೆಕ್ಕ ಬೇಗ ಹಿಡಿಸುತ್ತದೆ, ಏಕೆಂದರೆ ಹಾರ್ಮೋನಿಯಂನ ಹನ್ನೆರಡು ಮನೆಗಳೇ ಇಲ್ಲಿ ಹನ್ನೆರಡು ಮೆಟ್ಟಿಲುಗಳು. ಬರಿದಾದ ತಂತಿಯನ್ನು ಷಡ್ಜವೆಂದುಕೊಂಡರೆ 2, 4, 5, 7, 9, 11, 12ನೇ ಮೆಟ್ಟಿಲುಗಳಲ್ಲಿ ಶಂಕರಾಭರಣದ, ಹಿಂದೂಸ್ತಾನಿಯವರ ಬಿಲಾವಲ್‌ನ, ಉಳಿದ ಸ್ವರಗಳು ಸಿಗುತ್ತವೆ.

ಒಂದು ಅಳತೆಪಟ್ಟಿ ತಂದು ಇದನ್ನು ಪರೀಕ್ಷಿಸಬಹುದು. ತಂತಿಯ ನುಡಿಯುವ ಉದ್ದ ಸಾಮಾನ್ಯವಾಗಿ 65 ಸೆಂಟಿಮೀಟರ್. ಹನ್ನೆರಡನೇ ಮೆಟ್ಟಿಲು ಅದರ ಸರಿಯಾಗಿ ಅರ್ಧಕ್ಕೆ, 32.5ರಲ್ಲಿ ಇರುತ್ತದೆ. ಉದ್ದ ಅರ್ಧವಾದರೆ ಕಂಪನ ಇಮ್ಮಡಿ: ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತಿದ್ದರೆ ಅಲ್ಲಿ 165 ಸಲ. ಪಂಚಮದ ಏಳನೇ ಮೆಟ್ಟಿಲಿನಿಂದ ಸೇತುವೆಗೆ 43.4 ಸೆಂಟಿಮೀಟರ್, 65ರ ಮೂರರಲ್ಲಿ ಎರಡು ಭಾಗ 43.3. ಶುದ್ಧ ಪಂಚಮಕ್ಕೂ ಗಿಟಾರಿನ ಪಂಚಮಕ್ಕೂ ಇರುವ ಅಂತರ ಒಂದು ಮಿಲಿಮೀಟರೂ ಇಲ್ಲ. (ಶ್ರುತಿ ಸರಿಹೊಂದಲೆಂದು ತಯಾರಕರು ಸೇತುವೆಯ ಕಡೆ ಒಂದೆರಡು ಮಿಲಿಮೀಟರ್ ಹೆಚ್ಚಿಗೆ ಬಿಟ್ಟಿರುತ್ತಾರೆ, ಅಳೆಯುವಾಗ ಗಾಬರಿ ಬೇಡ.) ಒಂದೊಂದು ಮೆಟ್ಟಿಲಿಗೂ ಕಂಪನ 1.0595 ಪಟ್ಟು ಏರುತ್ತದೆ. ಹನ್ನೆರಡು ಸಲ ಗುಣಿಸಿದರೆ ಎರಡು ಬರುತ್ತದೆಯೇ ಎಂದು ಹುಡುಗರು ಲೆಕ್ಕ ಮಾಡಿ ನೋಡಲಿ. ಭೌತಶಾಸ್ತ್ರದ ಶಬ್ದದ ಪಾಠ ಓದುವಾಗ ಮಗನ ತೊಡೆಯ ಮೇಲೆ ಗಿಟಾರ್ ಕಂಡರೆ ತಾಯಂದಿರು ಬೈಯಬೇಕಿಲ್ಲ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಶ್ರುತಿಯ ಪುಟದ್ದು. ಆರನೇ ತಂತಿಯ ಐದನೇ ಮೆಟ್ಟಿಲು ಒತ್ತಿದರೆ ಬರುವ ಸ್ವರಕ್ಕೆ ಐದನೇ ತಂತಿ ಹೊಂದಬೇಕು. ಮುಂದಿನವೂ ಹೀಗೆಯೇ, ಆದರೆ ಮೂರನೇ ತಂತಿಯಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ನಾಲ್ಕನೇ ಮೆಟ್ಟಿಲು. ಈ ಒಂದು ನಾಲ್ಕನ್ನು ಐದು ಎಂದು ಮುದ್ರಿಸಿದ ಪುಸ್ತಕವನ್ನು ಪುಕ್ಕಟೆ ಕೊಟ್ಟರೂ ತರಬಾರದು. ಶ್ರುತಿ ತಪ್ಪಿದ ಗಿಟಾರಿನಲ್ಲಿ ಸರಿಯಾದ ಬೆರಳೂ ಅಪಸ್ವರವೇ. ಮಗು ತನ್ನ ಬೆರಳನ್ನೇ ದೂರುತ್ತದೆ.

ಮೊದಲ ಪಾಠದಲ್ಲಿ ಎಷ್ಟು ತುಂಬಿದ್ದಾರೆ ಎಂಬುದನ್ನೂ ನೋಡಬೇಕು. ಎರಡೇ ಬೆರಳಿನ ಇ ಮೈನರ್‌ನಂಥ ಕಾರ್ಡಿನಿಂದಲೋ, ಒಂದೇ ತಂತಿಯ ಎರಡು ಮೂರು ಸ್ವರಗಳಿಂದಲೋ ಆರಂಭಿಸಿ, ಅದನ್ನು ನಾಲ್ಕೈದು ಪುಟ ರೂಢಿ ಮಾಡಿಸುವ ಪುಸ್ತಕ ಬರೆದವರು ಮಕ್ಕಳಿಗೆ ಪಾಠ ಹೇಳಿದವರು ಎಂದು ತಿಳಿಯಬಹುದು. ಎರಡನೇ ಪುಟದಲ್ಲೇ ಎಂಟು ಕಾರ್ಡ್ ತುರುಕಿ, ಅದರಲ್ಲಿ ತೋರುಬೆರಳಿನಿಂದ ತಂತಿಗಳನ್ನು ಅಡ್ಡಲಾಗಿ ಒತ್ತುವ ಎಫ್ ಕಾರ್ಡನ್ನೂ ಸೇರಿಸಿದ್ದರೆ, ಅದು ಬಿಡಿಸುವ ಪುಸ್ತಕ, ಕಲಿಸುವುದಲ್ಲ. 'ಸಾವಿರ ಕಾರ್ಡುಗಳು' ಎಂಬ ದಪ್ಪ ಪುಸ್ತಕ ಬೆಲೆಗೆ ತಕ್ಕ ತೂಕದ್ದೆಂದು ಕಾಣುತ್ತದೆ. ಅದು ನಿಘಂಟು. ನಿಘಂಟು ಓದಿ ಯಾರೂ ಕನ್ನಡ ಕಲಿತಿಲ್ಲ. ಬೆರಳ ತುದಿ ಮೊದಲ ಕೆಲವು ವಾರ ನೋಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ ಎಂಬ ಮಾತು ಪುಸ್ತಕದಲ್ಲಿದ್ದರೆ ಇನ್ನೂ ಒಳ್ಳೆಯದು. ಹೇಳದೆ ಬಿಟ್ಟ ನೋವು ಮಕ್ಕಳನ್ನು ಹೆದರಿಸುತ್ತದೆ.

'ಹತ್ತೇ ದಿನದಲ್ಲಿ' ಎಂಬ ಹೆಸರುಗಳ ಬಗ್ಗೆ ಏನು ಹೇಳುವುದು? ಈ ಜಾತಿಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಇಂಗ್ಲೆಂಡಿನ ಬರ್ಟ್ ವೀಡನ್ 1957ರಲ್ಲಿ ಪ್ರಕಟಿಸಿದ 'ಪ್ಲೇ ಇನ್ ಎ ಡೇ', ಒಂದು ದಿನದಲ್ಲಿ ನುಡಿಸಿ! ಒಂದು ದಿನದಲ್ಲಿ ಯಾರೂ ನುಡಿಸಲಿಲ್ಲ. ಆದರೂ ಎರಿಕ್ ಕ್ಲಾಪ್ಟನ್, ಪಾಲ್ ಮೆಕಾರ್ಟ್ನಿ, ಬ್ರಯಾನ್ ಮೇ ಮೊದಲಾದವರು ಹುಡುಗರಾಗಿದ್ದಾಗ ಅದನ್ನು ಬಳಸಿದವರೇ. ಹೆಸರು ಬಡಾಯಿಯದಾದರೂ ಒಳಗಿನ ಪಾಠ ಸಣ್ಣ ಹೆಜ್ಜೆಗಳದಾಗಿತ್ತು. ಮೇ ಎಂಬವರ ಕಥೆ ಪಾಲಕರಿಗೆ ಹಿಡಿಸೀತು. ಗಿಟಾರ್ ಕೊಳ್ಳುವಷ್ಟು ಹಣವಿಲ್ಲದ್ದರಿಂದ 1963ರಲ್ಲಿ ತಂದೆಯೂ ಮಗನೂ ಸೇರಿ ಹಳೆಯ ಅಗ್ಗಿಷ್ಟಿಕೆಯ ಮರದಿಂದ ಮನೆಯಲ್ಲೇ ಒಂದನ್ನು ಮಾಡತೊಡಗಿದರು. ಮುಂದೆ ಆ ಮಗ ಕ್ವೀನ್ ತಂಡದ ಜಗತ್ಪ್ರಸಿದ್ಧ ವಾದಕರಾದರು. ಅರ್ಧಕ್ಕೆ ಬಿಟ್ಟಿದ್ದ ಖಭೌತಶಾಸ್ತ್ರದ ಪಿಎಚ್.ಡಿ.ಯನ್ನು 2007ರಲ್ಲಿ ಮುಗಿಸಿದರು.

ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನವು. ಮೆಲ್ ಬೇ, ಹಾಲ್ ಲೆನಾರ್ಡ್, ಆಲ್ಫ್ರೆಡ್ ಮೆಥಡ್‌ಗಳ ಮೊದಲ ಭಾಗಗಳು ತರಿಸಿದರೆ ಸಿಗುತ್ತವೆ, ಕ್ಲಾಸಿಕಲ್ ಗಿಟಾರಿಗೆ ಫ್ರೆಡರಿಕ್ ನೋಡ್ ಅವರ ಪುಸ್ತಕವಿದೆ. ಕನ್ನಡ ಮಾಧ್ಯಮದ ಮಕ್ಕಳು ಹೆದರಬೇಕಾಗಿಲ್ಲ. ಸ್ಟ್ರಿಂಗ್, ಫ್ರೆಟ್, ಓಪನ್, ಬೀಟ್, ಬಾರ್ ಮುಂತಾದ ಇಪ್ಪತ್ತು ಪದ ತಿಳಿದರೆ ಉಳಿದದ್ದು ಚಿತ್ರ ಮತ್ತು ಅಂಕಿ. ನಿಜವಾದ ತೊಂದರೆ ರಾಗಗಳದ್ದು. ಅಲ್ಲಿರುವ ಇಂಗ್ಲಿಷ್ ಹಾಡುಗಳನ್ನು ಸಿರುಗುಪ್ಪದ ಹುಡುಗಿ ಕೇಳಿಯೇ ಇರುವುದಿಲ್ಲ, ನುಡಿಸಿದ್ದು ಸರಿಯೋ ತಪ್ಪೋ ಅವಳ ಕಿವಿಗೆ ಗೊತ್ತಾಗುವುದಿಲ್ಲ. ಪಾಲಕರು ಮಾಡಬಹುದಾದದ್ದು ಇಷ್ಟು: ಪುಸ್ತಕದ ಮೂರು ಪಾಠ ಮುಗಿದ ಮೇಲೆ ಮನೆಯಲ್ಲೆಲ್ಲ ಗೊತ್ತಿರುವ ಒಂದು ಜನಪದ ಧಾಟಿಯನ್ನೋ ಶಾಲೆಯ ಪ್ರಾರ್ಥನೆಯನ್ನೋ ಒಂದೇ ತಂತಿಯಲ್ಲಿ ಹುಡುಕಿ ನುಡಿಸು ಎನ್ನಬೇಕು. ಅಡುಗೆಮನೆಯಿಂದ ಅಜ್ಜಿ "ಅಲ್ಲಿ ತಪ್ಪಿತು ನೋಡವ್ವ" ಎಂದರೆ ಅದಕ್ಕಿಂತ ಒಳ್ಳೆಯ ಮೇಷ್ಟರು ಬೇಕಿಲ್ಲ.

ಸುರುಳಿ ಬೈಂಡಿಂಗಿನ ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡು ಇರುತ್ತದೆ. ಎರಡೂ ಕೈ ವಾದ್ಯದ ಮೇಲಿರುವವರಿಗೆ ಅದು ಸಣ್ಣ ವಿಷಯವಲ್ಲ. ಧ್ವನಿಪಾಠ ಕೇಳಲು ಪುಸ್ತಕದೊಳಗೆ ಗುಪ್ತಸಂಖ್ಯೆ ಕೊಟ್ಟಿದ್ದರೆ, ಹಳೆಯ ಪ್ರತಿಯಲ್ಲಿ ಅದು ಆಗಲೇ ಬಳಕೆಯಾಗಿರಬಹುದು. ಕಾರ್ಕಾಸಿ, ಸೋರ್ ಮೊದಲಾದ ಹತ್ತೊಂಬತ್ತನೇ ಶತಮಾನದವರ ಪಾಠಪುಸ್ತಕಗಳಿಗೆ ಹಕ್ಕುಸ್ವಾಮ್ಯ ಉಳಿದಿಲ್ಲ, ಪುಕ್ಕಟೆ ದೊರೆಯುತ್ತವೆ. ಅವು ಎರಡನೇ ವರ್ಷಕ್ಕಿರಲಿ. ತಿಂಗಳಿಗೊಮ್ಮೆ ಬಳ್ಳಾರಿಗೆ ಬಂದಾಗ, ಚರ್ಚಿನ ಗಾಯನದಲ್ಲೋ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲೋ ನುಡಿಸುವವರು ಪರಿಚಯವಿದ್ದರೆ, ಎಡಗೈ ಹಿಡಿತವನ್ನು ಅವರಿಗೆ ತೋರಿಸಿ ತಿದ್ದಿಸಿಕೊಂಡು ಬರಬೇಕು. ಮಣಿಕಟ್ಟು ಸೊಟ್ಟಗಿದ್ದರೆ ಪುಸ್ತಕಕ್ಕೆ ಅದು ಕಾಣುವುದಿಲ್ಲ.

ಹೋಗಿಬರುವಾಗ ಗಿಟಾರನ್ನು ಬಸ್ಸಿನ ಎಂಜಿನ್ ಪಕ್ಕ ಇಡಬಾರದು, ಮನೆಯಲ್ಲಿ ತಗಡಿನ ಕೋಣೆಯಲ್ಲೂ ಇಡಬಾರದು. ಬಳ್ಳಾರಿಯ ಮೇ ತಿಂಗಳ ಸೆಕೆಗೆ ಅಂಟು ಸಡಿಲವಾಗಿ, ಕುತ್ತಿಗೆ ಬಾಗಿ, ತಂತಿ ಮೆಟ್ಟಿಲಿನಿಂದ ಮೇಲೆದ್ದು ನಿಲ್ಲುತ್ತದೆ. ಆಗ ಬೆರಳು ಎಷ್ಟು ಒತ್ತಿದರೂ ಸ್ವರ ಬಾರದು.