ಗಾಯ ಮಾಯ್ದ ಮೇಲಿನ ನೋವು

“ಗಡ್ಡೆಯನ್ನು ತೆಗೆದಾಯಿತು, ಗಾಯವೂ ಮಾಯಿತು, ಇನ್ನೇತರ ನೋವು?” ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದ ಸ್ತ್ರೀಯು ಸ್ವಂತ ಮನೆಯಲ್ಲಿಯೇ ಕೇಳಬೇಕಾಗಿ ಬರುವ ಮಾತಿದು. ಆಡುವವರು ನಿರ್ದಯರೇನಲ್ಲ. ನಿರ್ಣಾದಂತಹ ಗ್ರಾಮದಿಂದ ಕಲಬುರ್ಗಿಗೋ ಹೈದರಾಬಾದಿಗೋ ಅಲೆದು, ಸಾಲಸೋಲ ಮಾಡಿ ಪ್ರಾಣವನ್ನುಳಿಸಿಕೊಂಡು ಬಂದವರಿಗೆ ಮತ್ತೊಂದು ವ್ಯಥೆಯ ಸುದ್ದಿ ಬೇಡವಾಗಿರುವುದು ಸಹಜವೇ. ಆದರೂ ಆ ಮಾತು ಸುಳ್ಳು.

ಪಕ್ಕೆಲುಬುಗಳ ಸಂದಿನಿಂದ ಹೊರಟು ಕಂಕುಳನ್ನು ಹಾದು ತೋಳಿನ ಒಳಮೈಗೆ ಹೋಗುವ ನರವೊಂದುಂಟು. ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ ಅದು ಜಗ್ಗಿಹೋಗುವುದೂ ಕತ್ತರಿಸಿಹೋಗುವುದೂ ಉಂಟು. ಪೆಟ್ಟು ತಿಂದ ನರವು ಚರ್ಮ ಕೂಡಿಕೊಂಡ ಮೇಲೂ ಮೆದುಳಿಗೆ ದೂರು ಕಳುಹಿಸುತ್ತಲೇ ಇರುತ್ತದೆ: ಉರಿ, ಸೂಜಿ ಚುಚ್ಚಿದಂತಹ ಸೆಳೆತ, ಕುಪ್ಪಸದ ಅಂಚು ತಗುಲಿದರೂ ತಾಳಲಾಗದ ಯಾತನೆ. ಸುಶ್ರುತನು ಎದೆಗೂ ಕಂಕುಳಿಗೂ ನಡುವೆ ಕಕ್ಷಧರವೆಂಬ ಮರ್ಮವನ್ನೆಣಿಸಿದ್ದಾನೆ. ಆತನು ಈ ನರವನ್ನೇ ಕಂಡಿದ್ದನೆಂದು ಬೀಗುವ ಪಂಡಿತರಿಗೆ ಕೈಮುಗಿಯೋಣ. ಅಲ್ಲಿ ಬಿದ್ದ ಪೆಟ್ಟು ಲಘುವಲ್ಲವೆಂದು ಹಿಂದಿನವರು ಬಲ್ಲವರಾಗಿದ್ದರೆಂಬಷ್ಟು ಸಾಕು. 2009ರಲ್ಲಿ ಪ್ರಕಟವಾದ ಡೆನ್ಮಾರ್ಕ್ ದೇಶದ ವಿಚಾರಣೆಯಲ್ಲಿ, ಶಸ್ತ್ರಕ್ರಿಯೆಯಾಗಿ ಎರಡು ಮೂರು ವರ್ಷ ಕಳೆದಿದ್ದ 3,253 ಸ್ತ್ರೀಯರ ಪೈಕಿ ನೂರಕ್ಕೆ 47 ಮಂದಿ ನೋವಿದೆಯೆಂದು ಉತ್ತರವಿತ್ತರು. ಇವರೆಲ್ಲರದೂ ಭ್ರಮೆಯೇ?

ಸಾಮಾನ್ಯ ನೋವಿನ ಗುಳಿಗೆಗಳು ಈ ನರಶೂಲೆಗೆ ಅಷ್ಟಾಗಿ ನಾಟವು. ವೈದ್ಯರು ಬರೆದುಕೊಡುವ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್‌ಗಳು ಖಿನ್ನತೆಗೂ ಕೊಡುವ ಮದ್ದುಗಳು. ಗಬಾಪೆಂಟಿನ್ ಅಪಸ್ಮಾರಕ್ಕೂ ಸಲ್ಲುವುದು. ಇಷ್ಟು ತಿಳಿದೊಡನೆ “ನಮ್ಮಾಕೆಗೇನು ಹುಚ್ಚೇ?” ಎಂದು ಗುಳಿಗೆಯನ್ನು ಮೂಲೆಗೆಸೆಯುವ ಮನೆಗಳಿವೆ. ಮಾನ ಉಳಿಯಿತು, ನೋವೂ ಉಳಿಯಿತು! ಅವೇ ಮದ್ದುಗಳು ನರದ ಅಬ್ಬರವನ್ನು ತಗ್ಗಿಸಬಲ್ಲವು. ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ ಅಲ್ಪ ಪ್ರಮಾಣದಿಂದಾರಂಭಿಸಿ ಮೆಲ್ಲನೆ ಏರಿಸುವರು. ಬಾಯಿ ಒಣಗುವುದು, ತೂಕಡಿಕೆ ಬರುವುದು. ಗುಣ ಕಾಣಲು ವಾರಗಳೇ ಹಿಡಿದಾವು. ಟಮಾಕ್ಸಿಫೆನ್ ಸೇವಿಸುವಾಕೆಯು ಅದನ್ನು ಮೊದಲೇ ತಿಳಿಸಬೇಕು, ಏಕೆಂದರೆ ಡುಲಾಕ್ಸೆಟಿನ್ ಅದರ ಕಾರ್ಯವನ್ನು ಕುಂದಿಸಬಹುದು. ತೋಳಿನ ವ್ಯಾಯಾಮವನ್ನೂ ಬಲ್ಲವರಿಂದ ಕಲಿಯತಕ್ಕದ್ದು. ಬಿಸಿ ಇಟ್ಟಿಗೆಯ ಶಾಖವಂತೂ ಕೂಡದು. ಸ್ಪರ್ಶಜ್ಞಾನವಿಲ್ಲದ ಚರ್ಮವು ಸುಟ್ಟರೂ ಆಕೆಗೆ ತಿಳಿಯದು.

ಮದ್ದಿಲ್ಲವೆಂಬುದಲ್ಲ, ಕೇಳುವವರಿಲ್ಲವೆಂಬುದೇ ದೊಡ್ಡ ಕೊರತೆ. ಮರುತಪಾಸಣೆಯಲ್ಲಿ ವೈದ್ಯರು ಗಡ್ಡೆ ಮರಳಿತೇ ಎಂದು ನೋಡುತ್ತಾರೆ, ಜೊತೆಗೆ ಬಂದ ಗಂಡನೋ ಮಗನೋ “ಎಲ್ಲವೂ ನೆಟ್ಟಗಿದೆ” ಎನ್ನುತ್ತಾನೆ. ಮಗನೆದುರು ಎದೆಯ ಮಾತನ್ನು ಆಕೆ ಆಡಿಯಾಳೇ? ಗಂಡಸರನ್ನು ಹೊರಗೆ ಕೂರಿಸಿ, ದಾದಿಯೊಬ್ಬಳ ಸಮಕ್ಷಮದಲ್ಲಿ, ಉರಿಯುಂಟೇ, ನಿದ್ರೆ ಬರುವುದೇ ಎಂದು ಆಕೆಯನ್ನೇ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದಿಡಲಿ.