ನಮ್ಮ ಹಳ್ಳ ಹೊರುವ ಹೊರೆ

ಪ್ರತಿವರ್ಷವೂ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ನದಿಯ ಮೂರು ಘಟ್ಟಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ: ಬೆಟ್ಟದಲ್ಲಿ ಯೌವನ, ಬಯಲಿನಲ್ಲಿ ಪ್ರೌಢಾವಸ್ಥೆ, ಕಡಲಿನ ಬಳಿ ಮುಪ್ಪು. ಚಿತ್ರವನ್ನೂ ಅಂದವಾಗಿ ಬಿಡಿಸುತ್ತಾರೆ. ಆದರೆ “ನಮ್ಮೂರ ಹಳ್ಳ ಇವುಗಳಲ್ಲಿ ಯಾವ ಘಟ್ಟದ್ದು? ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರೆ ತರಗತಿಯೇ ಮೌನವಾಗುತ್ತದೆ. ಭೂಗೋಳ ನಮ್ಮ ವಿಷಯವಲ್ಲ; ನಾವು ಕನ್ನಡ ಪಾಠ ಹೇಳುವವರು. ಆದರೂ ಪುಸ್ತಕದ ನದಿಯನ್ನು ಬಲ್ಲ ಮಕ್ಕಳು ಮನೆಯ ಹಿಂದಿನ ಹಳ್ಳವನ್ನು ಅರಿಯದಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಹಿರಿಯರು ನೀರಿನ ಒಂದೊಂದು ನಡೆಗೂ ಒಂದೊಂದು ಹೆಸರಿಟ್ಟಿದ್ದಾರೆ. ನೆಲದಿಂದ ಜಿನುಗಿದರೆ ಒರತೆ, ಹರಿಯತೊಡಗಿದರೆ ತೊರೆ, ಮುಂದೆ ಹಳ್ಳ, ಹೊಳೆ, ನದಿ. ಎತ್ತರದಿಂದ ಧುಮುಕಿದರೆ ಅಬ್ಬಿ, ಎರಡು ಬೆರೆತಲ್ಲಿ ಕೂಡಲ, ಕಡಲು ಸೇರುವಲ್ಲಿ ಅಳಿವೆ. ನಮ್ಮೂರಿನ ಹೆಸರೇ ಕಲ್ಲಿನ ಹಟ್ಟಿ. ಕಲ್ಲಿನ ನಡುವೆ ನೀರು ಹೇಗೆ ದಾರಿ ಮಾಡಿಕೊಳ್ಳುತ್ತದೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಉದಕಮಂಡಲದ ಕಡೆಯಿಂದ ಬರುವ ನೀರು ಕಲ್ಲಟ್ಟಿಯ ಬಳಿ ಅಬ್ಬಿಯಾಗಿ ಬೀಳುತ್ತದೆ. ಕೆಳಗೆ ಅದೇ ಸೀಗೂರು ಹಳ್ಳ. ಕಾಡಿನಲ್ಲಿ ಹರಿದು ಅದು ಆಳವಾದ ಕಮರಿಯಲ್ಲಿ ಸಾಗುವ ಮೋಯಾರನ್ನು ಸೇರುತ್ತದೆ. ಮೋಯಾರ್ ಭವಾನಿಸಾಗರ ಜಲಾಶಯದಲ್ಲಿ ಭವಾನಿಯನ್ನು ಕೂಡುತ್ತದೆ. ಭವಾನಿ ಪಟ್ಟಣದ ಕೂಡಲದಲ್ಲಿ ಕಾವೇರಿಯಾಗುತ್ತದೆ. ತಂಜಾವೂರಿನ ಬಯಲನ್ನು ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನಮ್ಮ ಹಳ್ಳ ಕಾವೇರಿಯ ಮಗು ಎಂದರೆ ಅತಿಶಯೋಕ್ತಿಯಲ್ಲ.

ಇನ್ನು ಶಕ್ತಿಯ ಮಾತು. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಭವಾನಿಸಾಗರದ ನೀರಿನ ಮಟ್ಟ 300 ಮೀಟರಿಗಿಂತ ಕೆಳಗಿದೆ. ಅಂದರೆ ಕಡಲಿನವರೆಗೆ ಇಳಿಯಬೇಕಾದುದರಲ್ಲಿ ಏಳರಲ್ಲಿ ಆರು ಪಾಲನ್ನು ನೀರು ಅಷ್ಟರೊಳಗೇ ಇಳಿದುಬಿಡುತ್ತದೆ. ಉಳಿದ ಒಂದು ಪಾಲು ಇಳಿಯಲು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ನಡೆಯಬೇಕು. ಬೆಟ್ಟದ ಇಳಿತದಲ್ಲಿ ಎಂಥ ಶಕ್ತಿಯಿದೆ ಎಂಬುದಕ್ಕೆ ನೆರೆಯ ಸಿಂಗಾರವೇ ಸಾಕ್ಷಿ. ಪೈಕಾರದ ನೀರನ್ನು ಸುಮಾರು 3,000 ಅಡಿ ಕೊಳವೆಯಲ್ಲಿ ಇಳಿಸಿ ಅಲ್ಲಿ ವಿದ್ಯುತ್ ತೆಗೆಯತೊಡಗಿದ್ದು 1932ರಲ್ಲಿ.

ಹಾಗಾದರೆ ಬೆಟ್ಟದ ಹಳ್ಳವೇ ಎಲ್ಲಕ್ಕಿಂತ ವೇಗದ್ದು, ಬಯಲಿನ ನದಿ ನಿಧಾನದ್ದು ಎನ್ನೋಣವೆ? ಇಲ್ಲಿಯೇ ನಾವೆಲ್ಲ ತಪ್ಪುವುದು. ನಮ್ಮ ಘಟ್ಟದ ದಾರಿಯ ಮೂವತ್ತಾರು ತಿರುವುಗಳಲ್ಲಿ ಬಸ್ಸು ಇಳಿಯುವುದನ್ನು ನೆನೆಯಿರಿ. ಇಳಿಜಾರು ಕಡಿದು, ಆದರೂ ಬ್ರೇಕು ಹಾಕಿ ಹಾಕಿ ಮೆಲ್ಲಗೆ ಹೋಗುತ್ತದೆ. ಬಯಲಿಗೆ ಬಂದ ಮೇಲೆ ಸಲೀಸಾಗಿ ಓಡುತ್ತದೆ. ಹಳ್ಳಕ್ಕೆ ಬಂಡೆಗಳೇ ಬ್ರೇಕು. ಅದರ ಶಕ್ತಿಯ ಬಹುಪಾಲು ಕಲ್ಲಿಗೆ ಬಡಿದು, ನೊರೆಯಾಗಿ, ಸುಳಿಯಾಗಿ ಕಳೆದುಹೋಗುತ್ತದೆ. ಕೆಳಗೆ ನೀರು ಆಳವಾಗುತ್ತದೆ, ತಳ ನಯವಾಗುತ್ತದೆ, ತಡೆ ಕಡಿಮೆಯಾಗುತ್ತದೆ. ಆದುದರಿಂದ ಬಯಲಿನ ನದಿ ಸದ್ದಿಲ್ಲದೆ ಹರಿದರೂ ಅನೇಕ ವೇಳೆ ಬೆಟ್ಟದ ಹಳ್ಳಕ್ಕಿಂತ ಬೇಗನೆ ಹರಿಯುತ್ತದೆ. ಅಮೆರಿಕದ ವಿಜ್ಞಾನಿ ಲೂನಾ ಲಿಯೋಪೋಲ್ಡ್ 1953ರಲ್ಲಿ ಅಳತೆಗಳ ಆಧಾರದಿಂದ ಇದನ್ನು ತೋರಿಸಿಕೊಟ್ಟರು. ಸದ್ದು ಮಾಡುವವರೆಲ್ಲ ಮುಂದೆ ಹೋಗುತ್ತಿದ್ದಾರೆಂದು ತಿಳಿಯಬಾರದೆಂಬ ನೀತಿಯೂ ಇದರಲ್ಲಿದೆ.

ಮುಪ್ಪು ಎಂಬ ಹೋಲಿಕೆಯೂ ಪೂರ್ತಿ ಸರಿಯಲ್ಲ. ಕಾವೇರಿಯನ್ನೇ ನೋಡಿ. ಮೈಸೂರಿನ ಬಯಲಿನಲ್ಲಿ ಶಾಂತವಾಗಿ ಹರಿದ ನದಿ ಶಿವನಸಮುದ್ರದಲ್ಲಿ ಮತ್ತೆ ಎಳೆಯಳಂತೆ ಧುಮುಕುತ್ತದೆ. ಆ ಶಕ್ತಿಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ನದಿ ದಣಿಯುವುದಿಲ್ಲ, ಇಳಿಜಾರು ತೀರಿದಲ್ಲಿ ಹೊತ್ತುದನ್ನು ಇಳಿಸುತ್ತದೆ, ಅಷ್ಟೆ. ಮೊದಲು ದೊಡ್ಡ ಕಲ್ಲು, ಆಮೇಲೆ ಮರಳು, ಕೊನೆಗೆ ನುಣ್ಣನೆಯ ಮೆಕ್ಕಲು ಮಣ್ಣು. ಆ ಮೆಕ್ಕಲಿನಿಂದ ಬೆಳೆದ ಮುಖಜ ಭೂಮಿಯೇ ತಂಜಾವೂರಿನ ಭತ್ತದ ಕಣಜ.

ಈ ಹೊರೆಯನ್ನು ಹೊರಿಸುವವರು ಯಾರು? ಒಂದಿಷ್ಟನ್ನು ಪ್ರಕೃತಿ ಹೊರಿಸುತ್ತದೆ. ಉಳಿದುದನ್ನು ಮೇಲೆ ವಾಸಿಸುವ ನಾವೇ ಹೊರಿಸುತ್ತೇವೆ. ಮೇಲಿನಿಂದ ಕೆಳಕ್ಕೆ ಸಾಲು ತೆಗೆದರೆ ಮಳೆನೀರು ನಿಲ್ಲದು, ಆಲೂಗೆಡ್ಡೆ ಕೊಳೆಯದು ಎನ್ನುತ್ತಾರೆ ನಮ್ಮ ರೈತರು. ಅವರ ಅನುಭವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಇಮ್ಮಡಿಯಲ್ಲ, ಲೆಕ್ಕದ ಪ್ರಕಾರ 64 ಪಟ್ಟಾಗುತ್ತದೆ. ಒಂದು ಜೋರು ಮಳೆ ನೂರು ಸಣ್ಣ ಮಳೆ ಮಾಡದ ಹಾನಿಯನ್ನು ಮಾಡುವುದು ಇದರಿಂದಲೇ. ಕೊಚ್ಚಿಹೋದ ಮೇಲ್ಮಣ್ಣು ತಂಜಾವೂರಿನ ರೈತನಿಗೂ ಪೂರ್ತಿ ದಕ್ಕುವುದಿಲ್ಲ. 1955ರಲ್ಲಿ ಕಟ್ಟಿ ಮುಗಿದ ಭವಾನಿಸಾಗರದಂಥ ಜಲಾಶಯಗಳಲ್ಲಿ ಹೂಳಾಗಿ ಕೂರುತ್ತದೆ. ನಮಗೂ ಇಲ್ಲ, ಅವರಿಗೂ ಇಲ್ಲ. ಮಣ್ಣಿನ ಜೊತೆಗೆ ನಾವು ಎಸೆದ ಪ್ಲಾಸ್ಟಿಕ್, ಬಚ್ಚಲ ಕೊಳೆ, ಹೊಲಕ್ಕೆ ಹೊಡೆದ ಔಷಧಿಯೂ ಹೊರಡುತ್ತವೆ. ಸೀಗೂರಿನ ಕಾಡಿನ ಆನೆ, ಕಾಡೆಮ್ಮೆಗಳು ಕುಡಿಯುವುದು ಅದೇ ನೀರನ್ನು. ಕೆಳಗಿನ ಊರುಗಳ ಕೊಡ ತುಂಬುವುದೂ ಅದರಿಂದಲೇ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ನದಿಯ ಪಾಠ ನಮ್ಮ ಹಳ್ಳದಿಂದ ಆರಂಭವಾಗಬೇಕು. ಮಕ್ಕಳೇ, ಮಳೆ ನಿಂತು ನೀರು ಇಳಿದ ಮೇಲೆ ಹಿರಿಯರೊಡನೆ ಹೋಗಿ ಒಂದು ಗಾಜಿನ ಬಾಟಲಿಯಲ್ಲಿ ಹಳ್ಳದ ನೀರು ತನ್ನಿ. ಅಬ್ಬಿಯ ಹತ್ತಿರಕ್ಕಾಗಲಿ, ಆನೆ ತಿರುಗುವ ಕಾಡಿಗಾಗಲಿ ಹೋಗಕೂಡದು. ಬಾಟಲಿಯನ್ನು ಒಂದು ರಾತ್ರಿ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಎಷ್ಟು ಬೆರಳು ಮಣ್ಣು ಕೂತಿದೆಯೆಂದು ನೋಡಿ, ತಾರೀಖಿನೊಡನೆ ಬರೆದಿಡಿ. ವರ್ಷವಿಡೀ ಹೀಗೆ ಮಾಡಿದರೆ ಯಾವ ಪುಸ್ತಕದಲ್ಲೂ ಇಲ್ಲದ ಪಾಠ ನಿಮ್ಮ ಕೈಯಲ್ಲಿರುತ್ತದೆ.

ಪೋಷಕರಲ್ಲಿಯೂ ಒಂದು ವಿನಂತಿ. ಮಗು ಆ ಬಾಟಲಿಯನ್ನು ತಂದು ತೋರಿಸಿದಾಗ “ಓದು ಬಿಟ್ಟು ಇದೇನು ಆಟ” ಎಂದು ಗದರಬೇಡಿ. ತಳದಲ್ಲಿ ಕೂತಿರುವುದು ನಿಮ್ಮದೇ ಹೊಲದ ಮಣ್ಣಿರಬಹುದು. ಹೊಲಕ್ಕೆ ಅಡ್ಡಲಾಗಿ ಒಂದು ಬದು ಹಾಕಲು, ಹಳ್ಳದ ದಂಡೆಯಲ್ಲಿ ನಾಲ್ಕಡಿ ಹುಲ್ಲು ಬಿಡಲು ಸಾಧ್ಯವೇ ಎಂದು ಆ ಮಗುವಿನೊಡನೆ ಕೂತು ಯೋಚಿಸಿ.

ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯಕ್ಕಾಗಿ ಹೇಳುತ್ತೇವೆ. ಕೊಳೆಯೂ ಹಾಗೆಯೇ ಕೂಡುತ್ತದೆ, ಎಚ್ಚರವೂ ಹಾಗೆಯೇ ಕೂಡುತ್ತದೆ. ನದಿಯ ತಲೆಯ ಬಳಿ ಹುಟ್ಟಿದ ನಮಗೆ ಮೊದಲ ಗುಟುಕಿನ ಭಾಗ್ಯವಿದೆ. ಕೊನೆಯ ಗುಟುಕು ಕುಡಿಯುವವರನ್ನು ನೆನೆಯುವ ಹೊಣೆಯೂ ನಮ್ಮದೇ.