ಎತ್ತಿಕೊಂಡು ಹೋದರೆ ದಾರಿ ತಿಳಿದೀತೇ?



ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ ನಮ್ಮಿಬ್ಬರಲ್ಲಿ ಸಣ್ಣದೊಂದು ವಾಗ್ವಾದ ನಡೆಯಿತು. ಎರಡು ವರ್ಷದ ಮೊಮ್ಮಗಳನ್ನು ನಾನು ನಿತ್ಯವೂ ವಸತಿ ಸಮುಚ್ಚಯದೊಳಗಿನ ಉದ್ಯಾನಕ್ಕೆ ನಡೆಸಿಕೊಂಡೇ ಹೋಗುತ್ತಿದ್ದೆ. ಐದು ನಿಮಿಷದ ದಾರಿಗೆ ನಮಗೆ ಅರ್ಧ ಗಂಟೆ ಬೇಕಾಗುತ್ತಿತ್ತು. "ಎತ್ತಿಕೊಂಡು ಹೋಗಬಾರದೇ ಅಪ್ಪಾ, ಎಡವಿ ಬಿದ್ದರೆ?" ಎಂಬುದು ಮಗನ ಆಕ್ಷೇಪಣೆ. ಬಿದ್ದರೆ ಏಳುತ್ತಾಳೆ ಎಂಬುದು ನನ್ನ ಉತ್ತರ.

ಬಿ.ಎಡ್. ಓದುವಾಗ ಪಿಯಾಜೆಯವರ ಸಿದ್ಧಾಂತವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದು ಅರ್ಥವಾದದ್ದು ಈ ಮಗುವಿನಿಂದ. ಒಂಬತ್ತು ತಿಂಗಳಾಗಿದ್ದಾಗ ಗಿಲಕಿಯನ್ನು ಒಂದು ಬಟ್ಟೆಯ ಅಡಿಯಲ್ಲಿ ಹಲವು ಸಲ ಅಡಗಿಸಿ, ಬಳಿಕ ಅವಳ ಕಣ್ಣೆದುರೇ ಇನ್ನೊಂದು ಬಟ್ಟೆಯ ಕೆಳಗಿಟ್ಟರೂ ಮೊದಲಿನ ಬಟ್ಟೆಯನ್ನೇ ಎತ್ತುತ್ತಿದ್ದಳು. ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತಿದ ಮೇಲೆ ಆ ತಪ್ಪು ತಾನಾಗಿಯೇ ಮರೆಯಾಯಿತು.

ಅಮೆರಿಕದಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಅವರು 1963ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕತ್ತಲಲ್ಲಿ ಬೆಳೆಸಿದ ಎರಡು ಬೆಕ್ಕಿನ ಮರಿಗಳನ್ನು ದಿನವೂ ಕೆಲಹೊತ್ತು ಒಂದೇ ತಿರುಗಣೆಗೆ ಜೋಡಿಸುತ್ತಿದ್ದರು. ಒಂದು ತಾನೇ ನಡೆಯುತ್ತಿತ್ತು. ಇನ್ನೊಂದು ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಕುಳಿತು ಸುತ್ತುತ್ತಿತ್ತು. ಎರಡೂ ಕಂಡದ್ದು ಒಂದೇ ನೋಟ. ಆದರೂ ಮೇಜಿನ ಅಂಚಿನತ್ತ ಇಳಿಸಿದಾಗ ನಡೆದ ಮರಿ ಪಂಜವನ್ನು ಮುಂಚಾಚಿತು, ಕುಳಿತ ಮರಿಗೆ ಅದು ತೋಚಲಿಲ್ಲ. ಸ್ವತಂತ್ರವಾಗಿ ಬಿಟ್ಟ ಕೆಲವೇ ದಿನಗಳಲ್ಲಿ ಅದೂ ಕಲಿಯಿತೆನ್ನಿ. ಬೆಕ್ಕಿನ ಪಾಠವನ್ನು ಮಗುವಿಗೆ ನೇರವಾಗಿ ಅನ್ವಯಿಸಬಾರದು, ಬಲ್ಲೆ. ಆದರೆ ಕಂಕುಳಲ್ಲಿ ಕುಳಿತು ನೋಡಿದ ದಾರಿಯೂ ಕಾಲಿನಿಂದ ಅಳೆದ ದಾರಿಯೂ ಒಂದೇ ಅಲ್ಲವೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಬೀದಿಯಲ್ಲಿ ವಾಹನಗಳ ಭಯವಿದೆ, ಅಲ್ಲಿ ಎತ್ತಿಕೊಳ್ಳಲೇಬೇಕು. ಗೇಟಿನ ಒಳಗೂ ಏಕೆ? ಉತ್ತರ ದಿಕ್ಕು ಎಲ್ಲಿದೆ ಎಂದರೆ ನಿಮ್ಮಲ್ಲಿ ಕೆಲವರು ತರಗತಿಯ ಸೂರಿನತ್ತ ಬೆರಳು ತೋರಿಸುತ್ತಿದ್ದಿರಿ, ನೆನಪಿದೆಯೇ? ತಪ್ಪು ನನ್ನದೇ. ಗೋಡೆಗೆ ನಕ್ಷೆ ತೂಗುಹಾಕಿ ಪಾಠ ಮಾಡಿದೆನೇ ಹೊರತು ಒಮ್ಮೆಯಾದರೂ ನಿಮ್ಮನ್ನು ಅಂಗಳಕ್ಕೆ ಕರೆದೊಯ್ದು ಮೂಡಣಕ್ಕೆ ಮುಖಮಾಡಿ ನಿಲ್ಲಿಸಲಿಲ್ಲ.

ಹೊರಡುವ ಹಿಂದಿನ ದಿನ ಹೊಂಗೆಮರದ ತಿರುವಿನಲ್ಲಿ ದಾರಿ ಮರೆತವನಂತೆ ಸುಮ್ಮನೆ ನಿಂತೆ. ಮಗು ನನ್ನ ಬೆರಳು ಹಿಡಿದು ಎಡಕ್ಕೆ ಎಳೆದಳು. ಹಿಂದೆಯೇ ಬರುತ್ತಿದ್ದ ಮಗ ಏನೂ ಹೇಳಲಿಲ್ಲ. ಈಗ ಭಾನುವಾರಗಳಂದು ಅವನೂ ನಡೆಸಿಕೊಂಡು ಹೋಗುತ್ತಾನಂತೆ. ಉಳಿದ ದಿನ ಆಫೀಸಿನ ಅವಸರ, ಎತ್ತಿಕೊಂಡೇ ಓಡುತ್ತಾನೆ.